ಮಕ್ಕಳ ಮೌನ ಮತ್ತು ನಮ್ಮ ಕರ್ತವ್ಯ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಪಾಲಕರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಶುಭ ಸಂದರ್ಭದಲ್ಲಿ ಇಂಥ ವಿಷಯವನ್ನು ಎತ್ತಿಕೊಳ್ಳುವುದು ಉಚಿತವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಮ್ಮ ಹಿರಿಯರು ಕಷ್ಟಪಟ್ಟು ಈ ದೇವಾಲಯವನ್ನು ಕಟ್ಟಿದ್ದು ತಮ್ಮ ಮಕ್ಕಳು, ಮೊಮ್ಮಕ್ಕಳು ದೇವರ ನೆರಳಿನಲ್ಲಿ ನಿರ್ಭಯವಾಗಿ ಬೆಳೆಯಲಿ ಎಂದು. ಆದುದರಿಂದ ಮಕ್ಕಳ ಕ್ಷೇಮದ ಮಾತು ಈ ಹಬ್ಬಕ್ಕೆ ಹೊರಗಿನದಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಗುರುತಿಸುವುದು ಹೇಗೆ, ತಡೆಯುವುದು ಹೇಗೆ ಎಂಬುದನ್ನು ಇಂದು ಮುಚ್ಚುಮರೆಯಿಲ್ಲದೆ ಹೇಳಬಯಸುತ್ತೇನೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಈ ಸೀಮೆಗೆ ನೇರ ನುಡಿ ಹೊಸದೇನೂ ಅಲ್ಲ. ಬಾಡದ ಕನಕದಾಸರು, ಶಿಶುನಾಳದ ಷರೀಫ ಸಾಹೇಬರು, ಹಿರೇಕೆರೂರು ಸೀಮೆಯವನೆಂದು ಜನ ನಂಬುವ ಸರ್ವಜ್ಞ, ಇವರೆಲ್ಲರೂ ಕಂಡದ್ದನ್ನು ಕಂಡಂತೆ ಹೇಳಿದವರು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಮಕ್ಕಳಿಗೆ ಕೇಡು ಮಾಡುವವನು ಎಲ್ಲಿಂದಲೋ ಬಂದ ಅಪರಿಚಿತನೆಂದು ನಾವು ಭಾವಿಸುತ್ತೇವೆ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಅದಕ್ಕಾಗಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ನೆರೆಯ ಗೋವೆ, ಮಹಾರಾಷ್ಟ್ರ, ಕೇರಳಗಳೂ ಅವುಗಳಲ್ಲಿದ್ದವು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಕೇಡು ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗುವಿನ ನಂಬಿಕೆಗೆ ಪಾತ್ರರಾಗಿದ್ದವರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ತಿಳಿಸಿರಲಿಲ್ಲ.

ಈ ಮೌನ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಕೇಡಿಗನು ಸಾಮಾನ್ಯವಾಗಿ ಒಮ್ಮೆಲೇ ಮೇಲೆ ಬೀಳುವುದಿಲ್ಲ. ತಂದೆತಾಯಿಗಳು ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋಗಿ, ಅಜ್ಜಿಯ ಬಳಿಯಲ್ಲಿ ಅಥವಾ ವಸತಿನಿಲಯದಲ್ಲಿ ಉಳಿದ ಮಗುವನ್ನು, ಪ್ರೀತಿಗಾಗಿ ಹಂಬಲಿಸುವ ಮಗುವನ್ನು ಅವನು ಗುರುತಿಸುತ್ತಾನೆ. ಮೊದಲು ಮನೆಯವರ ವಿಶ್ವಾಸವನ್ನು ಗಳಿಸುತ್ತಾನೆ. ಮಗುವಿಗೆ ತಿಂಡಿ, ಹಣ, ಮೊಬೈಲು ಕೊಡುತ್ತಾನೆ. ಆಟದ ನೆಪದಲ್ಲಿ, ಪಾಠದ ನೆಪದಲ್ಲಿ ಮುಟ್ಟುತ್ತಾನೆ. "ಇದು ನಮ್ಮಿಬ್ಬರ ಗುಟ್ಟು" ಎನ್ನುತ್ತಾನೆ. ಕೊನೆಗೆ, ಹೇಳಿದರೆ ಯಾರೂ ನಂಬುವುದಿಲ್ಲ, ಬೈಗುಳ ನಿನಗೇ ಎಂದು ಹೆದರಿಸುತ್ತಾನೆ. ಮಗು ತಾನೇ ತಪ್ಪಿತಸ್ಥನೆಂದು ನಂಬಿಬಿಡುತ್ತದೆ. ಇಂದು ಇದೇ ಕೆಲಸ ಮೊಬೈಲಿನ ಮೂಲಕವೂ ನಡೆಯುತ್ತಿದೆ: ಮೊದಲು ಸ್ನೇಹ, ಆಮೇಲೆ ಚಿತ್ರ, ಆಮೇಲೆ ಬೆದರಿಕೆ.

ಮಾತಿನಲ್ಲಿ ಹೇಳಲಾಗದ್ದನ್ನು ಮಗುವಿನ ನಡೆನುಡಿ ಹೇಳಬಹುದು. ನಿಂತುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮತ್ತೆ ಮೊದಲಾಗುವುದು, ರಾತ್ರಿ ಬೆಚ್ಚಿಬೀಳುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಅಥವಾ ಒಂದು ಮನೆಗೆ ಹೋಗೆಂದರೆ ಅಂಜುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ಮೇಲಿಂದ ಮೇಲೆ ಹೊಟ್ಟೆನೋವೆನ್ನುವುದು, ಕುಳಿತುಕೊಳ್ಳುವಾಗ, ಮೂತ್ರ ಮಾಡುವಾಗ ನೋವು, ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಎಲ್ಲಿಂದ ಬಂತೆಂದು ಹೇಳಲಾಗದ ಹಣ ಅಥವಾ ಉಡುಗೊರೆ, ತನ್ನನ್ನೇ ಗಾಯಗೊಳಿಸಿಕೊಳ್ಳುವುದು, ಇವೆಲ್ಲ ಗಮನಿಸಬೇಕಾದ ಲಕ್ಷಣಗಳು. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಸಾಕ್ಷ್ಯವಾಗದು. ಬೇರೆ ಕಾರಣಗಳಿಂದಲೂ ಹೀಗಾಗಬಹುದು. ಆದರೆ ಇವನ್ನು ಕಂಡಾಗ ಹೊಡೆದು ಬಡಿದು ತಿದ್ದಲು ಹೋಗದೆ, ಹತ್ತಿರ ಕೂರಿಸಿಕೊಂಡು ಕೇಳುವುದು ತಾಯಿತಂದೆಗಳ ಧರ್ಮ.

ಮಗು ಬಾಯಿ ಬಿಟ್ಟಾಗ ನಾವು ಹೇಗೆ ವರ್ತಿಸುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಶಾಂತವಾಗಿ ಕೇಳಿರಿ. ನಂಬಿರಿ. "ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ" ಎನ್ನಿರಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿರಿ, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಅದನ್ನೇ ಕೆದಕಿ ಕೇಳಬೇಡಿರಿ. ಕೃತ್ಯ ಇತ್ತೀಚಿನದಾಗಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸರ ಕಾಗದ ತಂದರೆ ಮಾತ್ರ ಚಿಕಿತ್ಸೆ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ.

ಇನ್ನು ಕಾನೂನಿನ ಮಾತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ನಾವು ಪೋಕ್ಸೊ ಎಂದು ಕರೆಯುವುದು, 2012ರ ನವೆಂಬರ್ 14ರಂದು ಜಾರಿಗೆ ಬಂದಿತು. 18 ವರ್ಷ ತುಂಬದ ಗಂಡುಮಗುವಿಗೂ ಹೆಣ್ಣುಮಗುವಿಗೂ ಇದು ಸಮಾನ ರಕ್ಷಣೆ ನೀಡುತ್ತದೆ. ಬಟ್ಟೆಯ ಮೇಲಿನಿಂದ ಮುಟ್ಟಿದರೂ, ದುರುದ್ದೇಶವಿದ್ದರೆ ಅದು ಅಪರಾಧವೇ ಎಂದು ಸುಪ್ರೀಂ ಕೋರ್ಟು 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆಮನೆ ವಾಸ ವಿಧಿಸಬಹುದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಸತಿಶಾಲೆಯೊಂದರ ಮಕ್ಕಳಿಗೆ ಚಿಕಿತ್ಸೆ ನೀಡಿಯೂ ವಿಷಯ ತಿಳಿಸಲಿಲ್ಲವೆಂಬ ಆಪಾದನೆ ವೈದ್ಯರೊಬ್ಬರ ಮೇಲೆ ಬಂದಿತ್ತು. ಆ ಮೊಕದ್ದಮೆಯಲ್ಲಿ, ತಿಳಿಸದಿರುವುದು ಗಂಭೀರ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ನವೆಂಬರ್ 2ರಂದು ಹೇಳಿತು.

ದೂರು ಕೊಡಲು ಅಂಜುವವರಿಗೆ ಇನ್ನೂ ಕೆಲವು ಸಂಗತಿಗಳನ್ನು ತಿಳಿಸುತ್ತೇನೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪತ್ರಿಕೆಗಳು ಮಗುವಿನ ಹೆಸರು, ಮನೆ, ಶಾಲೆಗಳನ್ನು ಬಯಲು ಮಾಡುವಂತಿಲ್ಲ. ನಾವೂ ಓಣಿಯಲ್ಲಿ ಆಡಿಕೊಳ್ಳಬಾರದು. 1098 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಮಕ್ಕಳೇ ಮಾಡಬಹುದು, ಅದಕ್ಕೆ ಹಣ ಬೇಕಿಲ್ಲ. 112ಕ್ಕೂ ಕರೆ ಮಾಡಬಹುದು.

ನಮ್ಮ ಹಳ್ಳಿಗಳಲ್ಲಿ ಹಿರಿಯರು ಕೂಡಿ ರಾಜಿ ಮಾಡಿಸುವ ರೂಢಿಯಿದೆ. ಹೊಲದ ಬದುವಿನ ಜಗಳಕ್ಕೆ ಅದು ಒಳ್ಳೆಯದೇ. ಮಗುವಿನ ಮೇಲಿನ ದೌರ್ಜನ್ಯಕ್ಕೆ ರಾಜಿಯಿಲ್ಲ. ದಂಡ ಕಟ್ಟಿಸಿ ಕಳುಹಿಸುವುದು ಅವನನ್ನು ಇನ್ನೊಂದು ಮಗುವಿನ ಬಳಿಗೆ ಕಳುಹಿಸಿದಂತೆ. ಅವನಿಗೇ ಕೊಟ್ಟು ಮದುವೆ ಮಾಡಿದರೆ ಮರ್ಯಾದೆ ಉಳಿಯುತ್ತದೆ ಎನ್ನುವವರೂ ಇದ್ದಾರೆ. 18 ತುಂಬದ ಹೆಂಡತಿಯೊಡನೆ ದೇಹಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರ್ 11ರಂದು ತೀರ್ಪಿತ್ತಿದೆ. ಮನೆತನದ ಮರ್ಯಾದೆ ಎಂಬ ಮಾತಿನ ಮರೆಯಲ್ಲಿ ಅಡಗಿ ಕುಳಿತವನು ಅಪರಾಧಿಯೇ ಹೊರತು ಮಗುವಲ್ಲ.

ಮನೆತನಕ್ಕೆ ಹೇಳಿದ ಮಾತು ಧರ್ಮಸಭೆಗೂ ಸಲ್ಲುತ್ತದೆ. ಅನೇಕ ದೇಶಗಳಲ್ಲಿ ಗುರುಗಳಿಂದಲೇ ಮಕ್ಕಳಿಗೆ ಘೋರ ಅನ್ಯಾಯವಾಯಿತು; ಸಂಸ್ಥೆಯ ಹೆಸರನ್ನು ಕಾಪಾಡಲು ಅದನ್ನು ಮುಚ್ಚಿಡಲಾಯಿತು. ಇದು ಪಶ್ಚಿಮದ ಕಥೆಯೆಂದು ನಾವು ತಳ್ಳಿಹಾಕುವಂತಿಲ್ಲ. ನಮ್ಮ ನೆರೆಯ ಕೇರಳದ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನಲ್ಲಿ ಧರ್ಮಕೇಂದ್ರದ ಗುರುವೊಬ್ಬನ ಅಪರಾಧವು 2017ರಲ್ಲಿ ಬೆಳಕಿಗೆ ಬಂದಿತು. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ನ್ಯಾಯಾಲಯವು ಅವನಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು. 2021ರಲ್ಲಿ ಕೇರಳ ಹೈಕೋರ್ಟು ಅದನ್ನು 10 ವರ್ಷಕ್ಕೆ ಇಳಿಸಿತು. ಧರ್ಮಸಭೆಯು ಅವನನ್ನು ಗುರುತ್ವದಿಂದ ತೆಗೆದುಹಾಕಿತು.

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2019ರ ಮೇ ತಿಂಗಳಲ್ಲಿ ಹೊರಡಿಸಿದ ಶಾಸನದಂತೆ, ಇಂಥ ಸಂಗತಿ ತಿಳಿದ ಗುರುಗಳೂ ಧರ್ಮಭಗಿನಿಯರೂ ಅದನ್ನು ಮೇಲಿನ ಅಧಿಕಾರಿಗಳಿಗೆ ತಿಳಿಸಲು ಬದ್ಧರು. ದೇಶದ ಕಾನೂನನ್ನೂ ಪಾಲಿಸಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಥ ಮೊಕದ್ದಮೆಗಳ ಮೇಲಿದ್ದ ಧರ್ಮಪೀಠದ ಗೋಪ್ಯತೆಯನ್ನೂ ಅವರು ತೆಗೆದುಹಾಕಿದರು. ಪಾಪನಿವೇದನೆಯ ಮುದ್ರೆಯನ್ನು ಗುರುವಾದವನು ಮುರಿಯಲಾರ, ನಿಜ. ಆದರೆ ನೊಂದ ಮಗು ಬಂದು ತನ್ನದೇ ಪಾಪವೆಂಬಂತೆ ಹೇಳಿಕೊಂಡರೆ, ಅದು ನಿನ್ನ ಪಾಪವಲ್ಲ ಮಗು ಎಂದು ತಿಳಿಸಿ, ಹೊರಗೆ ನಂಬಿಕಸ್ಥ ಹಿರಿಯರೊಬ್ಬರಿಗೆ ಹೇಳುವಂತೆ ಧೈರ್ಯ ತುಂಬುವುದು ಅವನ ಕರ್ತವ್ಯ. ಪಾಪನಿವೇದನೆಯ ಹೊರಗೆ ಕೇಳಿದ ಸಂಗತಿಗೆ ಆ ಮುದ್ರೆಯ ನೆಪವನ್ನು ಯಾರೂ ಹೇಳುವಂತಿಲ್ಲ.

ಆದುದರಿಂದ ನಮ್ಮ ಧರ್ಮಕೇಂದ್ರದಲ್ಲಿ ಕೆಲವು ನಿಯಮಗಳನ್ನು ಪಾಲಿಸೋಣ. ಧರ್ಮೋಪದೇಶದ ತರಗತಿ ನಡೆಯುವಾಗ ಬಾಗಿಲು ತೆರೆದಿರಲಿ. ಪೀಠಸೇವೆಯ ಬಾಲಕರಾಗಲಿ ಗಾಯನವೃಂದದ ಮಕ್ಕಳಾಗಲಿ, ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರೊಡನೆ ಒಂಟಿಯಾಗಿರಬಾರದು. ಪ್ರವಾಸಕ್ಕೆ, ಧ್ಯಾನಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಕನಿಷ್ಠ ಇಬ್ಬರು ಹಿರಿಯರಿರಲಿ. 1098 ಎಂಬ ಸಂಖ್ಯೆಯನ್ನು ದೇವಾಲಯದ ಬಾಗಿಲ ಬಳಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಯಿಸೋಣ. ಈ ನಿಯಮಗಳು ಮೊದಲು ನನಗೆ, ಆಮೇಲೆ ಉಳಿದವರಿಗೆ ಅನ್ವಯಿಸುತ್ತವೆ. ಗುರುಗಳೆಂಬ ಗೌರವದಿಂದ ನನ್ನನ್ನು ಇವುಗಳಿಂದ ಬಿಡಿಸಬೇಡಿರಿ. ಮನೆಯಲ್ಲಿಯೂ ಮಕ್ಕಳಿಗೆ ಅಂಗಾಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಕಲಿಸಿರಿ. ಬೇಡವೆನಿಸಿದಾಗ, ಮುಟ್ಟುವವರು ಮಾವನೇ ಆಗಲಿ ಗುರುವೇ ಆಗಲಿ, ಬೇಡವೆನ್ನಲು ಕಲಿಸಿರಿ.

ಚಿಕ್ಕವರನ್ನು ಎಡವಿಸುವವನಿಗೆ ಒದಗುವ ಗತಿಯನ್ನು ಕುರಿತು ಪ್ರಭು ಯೇಸು ಆಡಿದ ಕಠಿಣ ಮಾತನ್ನು ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ನೀವೆಲ್ಲರೂ ಕೇಳಿದ್ದೀರಿ. ಒಂದು ಮಗುವನ್ನು ನಡುವೆ ನಿಲ್ಲಿಸಿಕೊಂಡು ಅವರು ಆ ಉಪದೇಶವನ್ನು ಆರಂಭಿಸಿದರು ಎಂಬುದನ್ನು ನೆನೆಯೋಣ. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವೂ ಹಾಗೆಯೇ, ಮಗುವನ್ನು ನಡುವೆ ನಿಲ್ಲಿಸಿಕೊಂಡು ಆರಂಭವಾಗಲಿ. ನೊಂದ ಮಕ್ಕಳಿಗೂ, ಬಾಲ್ಯದ ನೋವನ್ನು ಇಂದಿಗೂ ಯಾರಿಗೂ ಹೇಳದೆ ಹೊತ್ತು ನಡೆದಿರುವ ದೊಡ್ಡವರಿಗೂ ದೇವರು ಸಾಂತ್ವನವನ್ನು ಅನುಗ್ರಹಿಸಲಿ. ಕೇಳುವ ಕಿವಿಯನ್ನೂ ಹೇಳುವ ಧೈರ್ಯವನ್ನೂ ನಮಗೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.