ಕಣ್ಣಿಗೆ ಏರುವ ಬೂಷ್ಟು
(ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೂಷ್ಟು ನಮಗೆ ಹೊಸದಲ್ಲ. ತಿಪ್ಪೆಯ ಕಸ ಕೊಳೆತು ಗೊಬ್ಬರವಾಗುವುದರಲ್ಲಿ ಅದರ ಪಾಲೂ ಉಂಟು. ಇದೇ ಜಾತಿಯ ಬೂಷ್ಟು 2021ರಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ಮನುಷ್ಯರನ್ನು ಹಿಡಿಯಿತು. ಆ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತ್ತು. 3,000ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಜನ ಇದನ್ನು ಕಪ್ಪು ಶಿಲೀಂಧ್ರ ಎಂದರು. ನಿಜವಾಗಿ ಬೂಷ್ಟು ಕಪ್ಪಲ್ಲ. ಅದು ರಕ್ತನಾಳಗಳನ್ನು ಹೊಕ್ಕು ಕಟ್ಟಿಬಿಡುತ್ತದೆ. ರಕ್ತ ಕಾಣದ ಮಾಂಸ ಸತ್ತು ಕಪ್ಪಾಗುತ್ತದೆ.

ಇದರ ಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ಗಟ್ಟಿ ದೇಹಕ್ಕೆ ಏನೂ ಆಗದು. ಬೀಜ ಎಲ್ಲಿ ಬಿದ್ದರೂ ಹದವಾದ ನೆಲದಲ್ಲಿಯೇ ಮೊಳೆಯುವುದಲ್ಲವೇ? ಇದಕ್ಕೆ ಹದವಾದ ನೆಲವೆಂದರೆ ಸಕ್ಕರೆ ಏರಿದ ರಕ್ತ. ಆ ರೋಗಿಗಳಲ್ಲಿ 100ಕ್ಕೆ 64 ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಸ್ಟೀರಾಯ್ಡ್ ಔಷಧಿ ಸಕ್ಕರೆಯನ್ನು ಇನ್ನಷ್ಟು ಏರಿಸಿ ದೇಹದ ಕಾವಲನ್ನೂ ಕುಗ್ಗಿಸುತ್ತದೆ. ಆಮ್ಲಜನಕ ಬೇಕಾದ ಕೊರೊನಾ ರೋಗಿಗೆ ಅದು ಪ್ರಾಣ ಉಳಿಸುವ ಮದ್ದೇ ಸರಿ. ಆದರೆ ಸಣ್ಣ ಜ್ವರಕ್ಕೆ, ವೈದ್ಯರ ಚೀಟಿಯಿಲ್ಲದೆ, ಅಂಗಡಿಯಿಂದ ತಂದು ನುಂಗಕೂಡದು.

ಅಲೆ ಇಳಿದ ಮೇಲೆ ರೋಗ ಅಪರೂಪವಾಗಿದೆ. ಆದರೂ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಇಂದಿಗೂ ಬರುವುದುಂಟು. ಜ್ವರ ಬಿಟ್ಟ ಮೇಲೂ ಕೆಲವು ವಾರ ಈ ಗುರುತುಗಳನ್ನು ನೋಡುತ್ತಿರಿ:

1. ಮುಖದ ಒಂದೇ ಪಕ್ಕದಲ್ಲಿ ನೋವು, ಊತ ಅಥವಾ ಜೋಮು.
2. ಮೂಗು ಕಟ್ಟುವುದು, ಕಪ್ಪು ಅಥವಾ ರಕ್ತ ಬೆರೆತ ಸಿಂಬಳ.
3. ಮೇಲಿನ ಹಲ್ಲು ಅಲುಗುವುದು, ಅಂಗುಳು ಕಪ್ಪಾಗುವುದು.
4. ರೆಪ್ಪೆ ಊದಿ ಜೋಲುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು.

ಒಂದು ಗುರುತು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಬರಿಯ ಕಣ್ಣುಬೇನೆಯೆಂದು ಸೊಪ್ಪಿನ ರಸ ಹಿಂಡಿ ಕಾಯಬೇಡಿ. ಬೂಷ್ಟು ಮೂಗಿನಿಂದ ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಏರಲು ಕೆಲವೇ ದಿನ ಸಾಕು. ಬೇಗ ಹೋದರೆ ಆಂಫೊಟೆರಿಸಿನ್ ಚುಚ್ಚುಮದ್ದು ಕೊಟ್ಟು, ಸತ್ತ ಮಾಂಸವನ್ನು ಕೊಯ್ದು ತೆಗೆದು, ಕಣ್ಣನ್ನು ಉಳಿಸಲು ನೋಡುತ್ತಾರೆ. ತಡವಾದರೆ ಪ್ರಾಣ ಉಳಿಸುವುದಕ್ಕಾಗಿ ಕಣ್ಣನ್ನೇ ತೆಗೆಯಬೇಕಾಗಬಹುದು.

ಈ ಬೂಷ್ಟು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ದೂರವಿಡದೆ ಜೊತೆಯಲ್ಲಿ ಕರೆದೊಯ್ಯಿರಿ.

ಸಕ್ಕರೆ ಕಾಯಿಲೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಅವರಲ್ಲಿ ಜ್ವರದಿಂದ ಎದ್ದವರು, ತಿಪ್ಪೆ ಬಗೆಯುವ, ಬೂಷ್ಟು ಹಿಡಿದ ಹುಲ್ಲು ಕೊಡಹುವ ಕೆಲಸವನ್ನು ಕೆಲವು ವಾರ ಮನೆಯ ಬೇರೆಯವರಿಗೆ ಬಿಡಲಿ. ಮಾಡಲೇಬೇಕಾದರೆ ಮೂಗು ಬಾಯಿಗೆ ಮಾಸ್ಕ್, ಕಾಲಿಗೆ ಮೆಟ್ಟು, ತುಂಬುತೋಳಿನ ಅಂಗಿ ಇರಲಿ.

ಬೆಳೆ ಹೋದರೆ ಮರುವರ್ಷ ಬಿತ್ತಬಹುದು. ಹೋದ ಕಣ್ಣು ಮರಳಿ ಬಾರದು.