ರ‍್ಯಾಂಕಿಂಗ್ ಪಟ್ಟಿಯನ್ನು ಓದುವುದು ಹೇಗೆ?

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ಈ ವರ್ಷ ನಮ್ಮ ಅರ್ಜಿ ನಮೂನೆಯಿಂದ ಒಂದು ಕಾಲಂ ತೆಗೆದಿದ್ದೇವೆ. ‘ನೀವು ಸೇರಲಿರುವ ವಿಶ್ವವಿದ್ಯಾಲಯದ ರ‍್ಯಾಂಕ್ ಎಷ್ಟು?’ ಎಂದು ಅಲ್ಲಿ ಕೇಳುತ್ತಿದ್ದೆವು. ರ‍್ಯಾಂಕ್ ಮೇಲಿದ್ದವರಿಗೆ ಆಯ್ಕೆಯಲ್ಲಿ ಆದ್ಯತೆ ಕೊಡುತ್ತಿದ್ದೆವು. ಅದು ನಮ್ಮ ತಪ್ಪು. ನಿಮ್ಮ ಝಕಾತ್, ಸದಖಾ ಹಣ ನಮ್ಮ ಕೈಯಲ್ಲಿರುವ ಅಮಾನತ್. ಹಾಗಾಗಿ ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ನಾವು ನೆರವಾದ ಒಬ್ಬ ವಿದ್ಯಾರ್ಥಿನಿ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ದೂರದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದಳು. ಜೀವವಿಜ್ಞಾನ ಸಂಶೋಧನೆಯ ಪಟ್ಟಿಯಲ್ಲಿ ಅದರ ಹೆಸರು ಮೇಲಿತ್ತು. ಮನೆಯವರು ಸಾಲ ಮಾಡಿದರು, ಉಳಿದದ್ದನ್ನು ನಾವು ಸೇರಿಸಿದೆವು. ಹೋದ ಮೇಲೆ ತಿಳಿದದ್ದು ಬೇರೆ. ರ‍್ಯಾಂಕ್ ತಂದುಕೊಟ್ಟ ಲೇಖನಗಳಲ್ಲಿ ಹೆಚ್ಚಿನವು ಬೇರೆ ವಿಭಾಗಗಳವು. ಅವಳ ತರಗತಿಯವರಿಗೆ ಆ ಪ್ರಯೋಗಾಲಯಗಳಲ್ಲಿ ಪ್ರವೇಶವೇ ಇರಲಿಲ್ಲ. ಓದು ಮುಗಿಯಿತು, ಸಾಲ ಉಳಿಯಿತು. ಅದೇ ಹಣದಲ್ಲಿ ಇಲ್ಲಿಯೇ ಇನ್ನೂ ಕೆಲವು ಮಕ್ಕಳು ಓದಬಹುದಿತ್ತು.

ಹಾಗಾದರೆ ಈ ಪಟ್ಟಿಗಳು ಸುಳ್ಳೇ? ಅಲ್ಲ. ಅವು ಏನನ್ನು ಅಳೆಯುತ್ತವೆ ಎಂದು ನಾವು ಕೇಳಿಕೊಳ್ಳಲಿಲ್ಲ, ಅಷ್ಟೇ.

‘ಸಂಶೋಧನಾ ಪ್ರಭಾವ’ ಎಂದರೆ ಮುಖ್ಯವಾಗಿ ಎಣಿಕೆ. ಒಂದು ವಿಶ್ವವಿದ್ಯಾಲಯದವರು ಎಷ್ಟು ಲೇಖನ ಪ್ರಕಟಿಸಿದರು, ಅವನ್ನು ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ. ಕೆಲವು ಪಟ್ಟಿಗಳಲ್ಲಿ ಇದರ ಜೊತೆಗೆ ಹೆಸರು, ಖ್ಯಾತಿಯ ಸಮೀಕ್ಷೆಯೂ ಸೇರುತ್ತದೆ. ಪಾಠ ಹೇಗೆ ನಡೆಯುತ್ತದೆ, ಶುಲ್ಕ ಎಷ್ಟು, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯೇ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಇಂತಿಷ್ಟು ಲೇಖನ ಇಲ್ಲದಿದ್ದರೆ ಕೆಲವು ಪಟ್ಟಿಗಳಲ್ಲಿ ಹೆಸರೇ ಸೇರುವುದಿಲ್ಲ. ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಓದಿಲ್ಲ ಎಂದಲ್ಲ.

ನಮ್ಮ ದೇಶದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ವಿಶ್ವವಿದ್ಯಾಲಯಗಳಿಗೆ ಅದರಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ಪದವಿ ಫಲಿತಾಂಶಕ್ಕೆ 20, ಎಲ್ಲ ವರ್ಗದವರನ್ನು ಒಳಗೊಳ್ಳುವುದಕ್ಕೆ 10, ಜನಾಭಿಪ್ರಾಯಕ್ಕೆ 10 ಅಂಕ. ಇದು ಸ್ವಲ್ಪ ಅಗಲವಾದ ಅಳತೆ. ಆದರೂ ಅದು ಇಡೀ ಸಂಸ್ಥೆಯದು. ನಿಮ್ಮ ವಿಭಾಗದ್ದಲ್ಲ, ನಿಮ್ಮ ಗೈಡ್‌ದಲ್ಲ.

ಉಲ್ಲೇಖದ ಎಣಿಕೆಯ ಸ್ವಭಾವಕ್ಕೆ ಒಂದು ಉದಾಹರಣೆ. ಜೀವರಸಾಯನಶಾಸ್ತ್ರ ಓದಿದವರಿಗೆ ಲೌರಿ ವಿಧಾನ ಗೊತ್ತು. ಪ್ರೋಟೀನ್ ಎಷ್ಟಿದೆ ಎಂದು ನೀಲಿ ಬಣ್ಣದಿಂದ ಅಳೆಯುವ ಪ್ರಯೋಗ. 1951ರಲ್ಲಿ ಪ್ರಕಟವಾದ ಆ ಲೇಖನಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಡಿಎನ್‌ಎ ರಚನೆಯನ್ನು ಜಗತ್ತಿಗೆ ತಿಳಿಸಿದ 1953ರ ವಾಟ್ಸನ್-ಕ್ರಿಕ್ ಲೇಖನವೋ, 2014ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಮೊದಲ ನೂರರ ಪಟ್ಟಿಯಲ್ಲಿ ಇರಲೇ ಇಲ್ಲ. ಎರಡೂ ದೊಡ್ಡ ಕೆಲಸಗಳೇ. ಆದರೆ ಎಷ್ಟು ಜನ ಬಳಸಿದರು ಎಂಬ ಪ್ರಶ್ನೆ ಬೇರೆ, ಎಷ್ಟು ಮುಖ್ಯ ಎಂಬ ಪ್ರಶ್ನೆ ಬೇರೆ.

ನಮ್ಮ ಜಿಲ್ಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗು ಕಚ್ಚುವುದರಿಂದ ಹರಡುವ ಹೊಸ ವೈರಸ್ ಎಂದು ಪತ್ತೆ ಮಾಡಿದರು. ಅದೇ ಮಂಗನ ಕಾಯಿಲೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಜೀವ ತೆಗೆದದ್ದು ನಿಮಗೆ ನೆನಪಿದೆ. ಕ್ಯಾನ್ಸರ್ ಬಗ್ಗೆ ಬರೆದರೆ ಉಲ್ಲೇಖಿಸುವವರು ಜಗತ್ತಿನ ತುಂಬ ಇದ್ದಾರೆ. ಮಂಗನ ಕಾಯಿಲೆಯ ಬಗ್ಗೆ ಬರೆದರೆ ಉಲ್ಲೇಖಿಸುವವರು ಕೆಲವರೇ. ಆದರೆ ಮಲೆನಾಡಿನ ಕೂಲಿಕಾರರಿಗೆ, ದರಕು ತರಲು ಕಾಡಿಗೆ ಹೋಗುವ ತಾಯಂದಿರಿಗೆ ಯಾವ ಸಂಶೋಧನೆ ಬೇಕು? ಆ ಉಪಕಾರ ಯಾವ ರ‍್ಯಾಂಕಿನಲ್ಲೂ ಕಾಣುವುದಿಲ್ಲ.

ಹಾಗೆಂದು ಎಲ್ಲರೂ ಊರಲ್ಲೇ ಇರಿ ಎಂದು ನಾವು ಹೇಳುತ್ತಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ವಿಭಾಗಗಳು ಅಲ್ಲಿವೆ. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ‘ಜಾಮ್’ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಸಾಲವಿಲ್ಲದೆ ದೊಡ್ಡ ಪ್ರಯೋಗಾಲಯಕ್ಕೆ ಹೋಗುವ ದಾರಿ ಇದು. ಪಿಎಚ್.ಡಿ. ಮಾಡುವವರಿಗೆ ಸಂಶೋಧನೆಯ ಗುಣಮಟ್ಟ ನಿಜಕ್ಕೂ ಮುಖ್ಯ. ಆದರೆ ಸಂಸ್ಥೆಯ ರ‍್ಯಾಂಕಿಗಿಂತ ಗೈಡ್‌ನ ಕೆಲಸ ನೋಡಿ.

ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತ ಮೇಲೆ ಎಷ್ಟು ಮನೆಗಳ ಆದಾಯ ಕುಸಿಯಿತು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಂಥ ಹೊತ್ತಿನಲ್ಲಿ ತಪ್ಪು ಆಯ್ಕೆಗೆ ಒಂದು ಕುಟುಂಬ ತೆರುವ ಬೆಲೆ ದೊಡ್ಡದು.

ಆದ್ದರಿಂದ ವಿಜ್ಞಾನದ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕುವವರು ರ‍್ಯಾಂಕಿನ ಬದಲು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು:

1. ನಿಮ್ಮ ವಿಭಾಗದ ಇಬ್ಬರು ಅಧ್ಯಾಪಕರು ಕಳೆದ ಐದು ವರ್ಷಗಳಲ್ಲಿ ಯಾವ ವಿಷಯದ ಮೇಲೆ ಲೇಖನ ಬರೆದಿದ್ದಾರೆ? (ಗೂಗಲ್ ಸ್ಕಾಲರ್, ಪಬ್‌ಮೆಡ್‌ನಲ್ಲಿ ಖರ್ಚಿಲ್ಲದೆ ನೋಡಬಹುದು.)

2. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಯೋಗಾಲಯದಲ್ಲಿ ಸ್ವತಃ ಪ್ರಾಜೆಕ್ಟ್ ಮಾಡುವ ಅವಕಾಶವಿದೆಯೇ? ಅಲ್ಲಿ ಓದುತ್ತಿರುವ ಒಬ್ಬರನ್ನು ಕೇಳಿ ಬರೆಯಿರಿ.

3. ಆ ವಿಭಾಗದಿಂದ ನೆಟ್, ಗೇಟ್ ಪಾಸಾದವರು ಇದ್ದಾರೆಯೇ?

4. ಶುಲ್ಕ, ಹಾಸ್ಟೆಲ್, ಪ್ರಯಾಣ ಸೇರಿ ಎರಡು ವರ್ಷದ ಒಟ್ಟು ಖರ್ಚು ಎಷ್ಟು? ಸಾಲ ಎಷ್ಟು?

ಉತ್ತರ ಬರೆಯಲು ಕಷ್ಟವಾದರೆ ಟ್ರಸ್ಟಿನ ಕಚೇರಿಗೆ ಬನ್ನಿ, ಜೊತೆಗೆ ಕೂತು ಹುಡುಕೋಣ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ವಿವರ ಲಗತ್ತಿಸಿ. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ.

ಪೋಷಕರಲ್ಲಿ ಒಂದು ವಿನಂತಿ. ನೆರೆಮನೆಯವರು ರ‍್ಯಾಂಕ್ ಕೇಳುತ್ತಾರೆ ಎಂದು ಮಗಳನ್ನು ಸಾಲಕ್ಕೆ ನೂಕಬೇಡಿ. ರ‍್ಯಾಂಕ್ ಇಲ್ಲ ಎಂಬ ನೆಪದಲ್ಲಿ ಅವಳ ಓದನ್ನೂ ನಿಲ್ಲಿಸಬೇಡಿ.

ದಾನಿಗಳ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳ ಇಲ್ಮ್ ಈ ನಾಡಿನ ಎಲ್ಲರಿಗೂ ಉಪಕಾರವಾಗಲಿ. ಆಮೀನ್.