ಮಕ್ಕಳನ್ನು ಕಳುಹಿಸಿಕೊಡುವ ಮನೆ

(ಶತಮಾನೋತ್ಸವದ ಯುವಜನ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದೇವಾಲಯದ ಶತಮಾನೋತ್ಸವದ ಈ ಸಂಭ್ರಮದ ನಡುವೆ ನಮ್ಮ ಒಂದು ಮನೆಯಲ್ಲಿ ಸಂತೋಷವೂ ಕಣ್ಣೀರೂ ಜೊತೆಯಾಗಿವೆ. ಹದಿನೇಳು ವರ್ಷದ ಮಗಳೊಬ್ಬಳು ವಿದ್ಯಾರ್ಥಿವೇತನ ಪಡೆದು ಉನ್ನತ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ತೆರಳಲಿದ್ದಾಳೆ. ಅಂಕಲಿಯ ಮಕ್ಕಳು ಚಿಕ್ಕೋಡಿಗೋ ಬೆಳಗಾವಿಗೋ ಮಿರಜಿಗೋ ಓದಲು ಹೋಗುವುದು ಹೊಸದಲ್ಲ. ಅಲ್ಲಿಗೆ ರೊಟ್ಟಿಯ ಬುತ್ತಿ ಕಟ್ಟಿ ಕಳುಹಿಸಬಹುದು. ಸಮುದ್ರದಾಚೆಗೆ ಆ ಬುತ್ತಿ ಹೋಗದು. “ಹೋದ ಮಗಳು ನಮ್ಮವಳಾಗಿಯೇ ಮರಳಿ ಬಂದಾಳೇ, ಸ್ವಾಮಿ?” ಎಂದು ಆಕೆಯ ತಾಯಿ ನಮ್ಮನ್ನು ಕೇಳಿದರು. ಈ ಪ್ರಶ್ನೆ ಆ ತಾಯಿಯದೊಂದೇ ಅಲ್ಲ, ಇಡೀ ಧರ್ಮಕೇಂದ್ರದ್ದು.

ಪವಿತ್ರ ಗ್ರಂಥದ ತೊಬಿತನ ಮನೆಯಲ್ಲಿಯೂ ಇದೇ ಅಳಲು ಕೇಳಿಬಂದಿತ್ತು. ಮಗ ತೊಬಿಯಾಸನು ದೂರ ದೇಶಕ್ಕೆ ಹೊರಟಾಗ ತಾಯಿ ಅನ್ನಳು ಅತ್ತಳು. ಜೊತೆಗೆ ನಡೆದವನು ದೇವದೂತ ರಫಾಯೇಲನೆಂಬುದು ಆಕೆಗೆ ತಿಳಿದಿರಲಿಲ್ಲ. ಆ ಮಗನು ಮರಳಿ ಬರುವಾಗ ಕುರುಡನಾಗಿದ್ದ ತಂದೆಯ ಕಣ್ಣಿಗೆ ಮದ್ದನ್ನೂ ತಂದನು.

ನಮ್ಮ ನೆಲಕ್ಕೆ ಸಂಬಂಧಿಸಿದ ಮತ್ತೊಂದು ಪಯಣವನ್ನೂ ನೆನೆಯೋಣ. ಗೋವೆಯ ದಿವಾಡಿ ದ್ವೀಪದ ಮತೇವುಸ್ ದ ಕಾಸ್ತ್ರೊ ಅವರಿಗೆ ಅಂದು ತಾಯ್ನಾಡಿನಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಹುಡುಗ ವಯಸ್ಸನ್ನು ದಾಟಿದ್ದ ಅವರು 1625ರ ಸುಮಾರಿಗೆ ರೋಮಾಪುರಿಯನ್ನು ಸೇರಿ, 1622ರಲ್ಲಿ ಸ್ಥಾಪಿತವಾಗಿದ್ದ ಧರ್ಮಪ್ರಸಾರ ಮಂಡಲಿಯ ಆಸರೆಯಲ್ಲಿ ವ್ಯಾಸಂಗ ಮಾಡಿ ಗುರುಗಳಾದರು. 1637ರಲ್ಲಿ ಲ್ಯಾಟಿನ್ ವಿಧಿಯ ಪ್ರಥಮ ಭಾರತೀಯ ಧರ್ಮಾಧ್ಯಕ್ಷರಾದರು. ಅವರಿಗೆ ವಹಿಸಿದ ಸೀಮೆಯ ಹೆಸರು ‘ಇದಲ್ಕಾನ್’. ಎಂದರೆ ಬಿಜಾಪುರದ ಆದಿಲಶಾಹಿ ರಾಜ್ಯ. ನಮ್ಮ ಈ ಕೃಷ್ಣಾತೀರವೂ ಅಂದು ಆ ರಾಜ್ಯಕ್ಕೇ ಸೇರಿತ್ತು.

ಆದರೆ ಮರಳಿ ಬಂದವರಿಗೆ ದಾರಿ ಸುಗಮವಾಗಿರಲಿಲ್ಲ. ರೋಮ್ ನೇಮಿಸಿದ ಅವರನ್ನು ಗೋವೆಯ ಪೋರ್ಚುಗೀಸ್ ಆಡಳಿತ ಒಪ್ಪಿಕೊಳ್ಳಲಿಲ್ಲ. 1677ರಲ್ಲಿ ಅವರು ರೋಮಿನಲ್ಲಿಯೇ ಕಣ್ಮುಚ್ಚಿದರು. ಆದರೂ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಅವರ ಬಂಧು ತೋಮಸ್ ದ ಕಾಸ್ತ್ರೊ ಅವರು ರೋಮಿನಲ್ಲಿ ಓದಿ, ಕನ್ನಡ ಕರಾವಳಿಗೆ ಧರ್ಮಾಧ್ಯಕ್ಷರಾಗಿ ಬಂದು, 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. 1684ರಲ್ಲಿ ಮಂಗಳೂರಿನಲ್ಲಿಯೇ ದೈವಾಧೀನರಾದರು.

ಆದುದರಿಂದ ಆ ತಾಯಿಗೆ ನಾವು ಹೇಳುವುದಿಷ್ಟೇ: ಅಮ್ಮಾ, ಮಗಳು ಹೋದಂತೆಯೇ ಮರಳುವುದಿಲ್ಲ, ಬದಲಾಗಲೆಂದೇ ಅಲ್ಲವೇ ವಿದ್ಯೆ? ಆದರೆ ಮರಳುವ ದಾರಿಯನ್ನು ಕಾಯುವವರು ಮನೆಯವರೂ ಊರವರೂ ಹೌದು. “ಹೆಣ್ಣುಮಗಳಿಗೆ ಇಷ್ಟೇಕೆ?” ಎಂದು ಕೇಳುವ ಹಿರಿಯರೇ, ದೇವರು ಕೊಟ್ಟ ಬುದ್ಧಿಯನ್ನು ಹೂತಿಡಲು ನಮಗೆ ಅಧಿಕಾರವಿಲ್ಲ. ಆಕೆ ನಾಳೆ ಹೊಸ ವಿಚಾರದೊಂದಿಗೆ ಬಂದಾಗ, ಇವಳು ನಮ್ಮವಳಲ್ಲ ಎನ್ನದೆ ಕುಳಿತು ಕೇಳೋಣ. ಕಳುಹಿಸುವುದಕ್ಕಿಂತಲೂ ಬರಮಾಡಿಕೊಳ್ಳುವುದು ಕಷ್ಟದ ಕೆಲಸ.

ಮಗಳೇ, ಭಾನುವಾರದ ಬಲಿಪೂಜೆಯನ್ನು ತಪ್ಪಿಸಬೇಡ. ಒಂಟಿತನ ಕಾಡಿದರೆ ಮುಚ್ಚಿಡಬೇಡ; ಯಾರಲ್ಲಾದರೂ ಹೇಳಿಕೋ. ತಾಯಿಯೊಡನೆ ನಮ್ಮ ಕನ್ನಡದಲ್ಲಿಯೇ ಮಾತನಾಡು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೂ ಈ ಮನೆಯ ಬಾಗಿಲು ತೆರೆದೇ ಇರುತ್ತದೆಂದು ತಿಳಿದಿರು.

ರಫಾಯೇಲ ದೂತನು ನಿನ್ನ ಜೊತೆಗಿರಲಿ. ಸರ್ವಶಕ್ತ ದೇವರು ಹೊರಟವಳನ್ನೂ ಉಳಿದವರನ್ನೂ ಹರಸಲಿ. ಆಮೆನ್.